ಇಲ್ಲದ ಯಂತ್ರವನ್ನು ರಿಪೇರಿ ಮಾಡುವವರು

ಒಂದೇ ಕಂಪ್ಯೂಟರನ್ನು ಹಲವು ಕಂಪ್ಯೂಟರ್‌ಗಳಂತೆ ತೋರಿಸುವ ಐಬಿಎಂನ ಸಿಪಿ-67 ವ್ಯವಸ್ಥೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಅದನ್ನು ನಡೆಸುತ್ತಿದ್ದ ಅಮೆರಿಕದ ಎಂಐಟಿಯ ಒಂದು ಕಂಪ್ಯೂಟರ್ ಒಂದೇ ದಿನ 27 ಸಲ ಕ್ರ್ಯಾಶ್ ಆಯಿತು. ಹಾರ್ವರ್ಡ್‌ನಲ್ಲಿದ್ದ ಒಂದು ಸಾಧನವನ್ನು ಅದಕ್ಕೆ ಜೋಡಿಸಲು ಒಂದು ಸಾಲಿನ ಗರಿಷ್ಠ ಉದ್ದವನ್ನು ಸಾವಿರ ಅಕ್ಷರಗಳ ಆಚೆಗೆ ಹಿಗ್ಗಿಸಿದ್ದರು. ಉದ್ದವನ್ನು ಲೆಕ್ಕ ಹಾಕುವ ಕೋಡ್ ಮಾತ್ರ ಒಂದೇ ಬೈಟ್ ಬಳಸುತ್ತಿತ್ತು. ಒಂದು ಬೈಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 255. ಲೆಕ್ಕ ತಪ್ಪಿದಾಗೆಲ್ಲ ಇಡೀ ವ್ಯವಸ್ಥೆ ನೆಲ ಕಚ್ಚುತ್ತಿತ್ತು. ಆಗ ಎಂಐಟಿಯಲ್ಲಿದ್ದ ಟಾಮ್ ವ್ಯಾನ್ ವ್ಲೆಕ್ ಈ ಪ್ರಸಂಗವನ್ನು ಮುಂದೆ ಬರೆದಿಟ್ಟರು.

ಬಿದ್ದ ಲೆಕ್ಕಕ್ಕಿಂತ ನನಗೆ ಮುಖ್ಯವೆನಿಸುವುದು ಎದ್ದ ವೇಗ. ಪ್ರತಿ ಸಲವೂ ಸಿಪಿ-67 ನಾಲ್ಕೈದು ನಿಮಿಷದಲ್ಲಿ ಕೆಲಸಕ್ಕೆ ಮರಳುತ್ತಿತ್ತು. ಅದೇ ಎಂಐಟಿಯ ಹೆಮ್ಮೆಯಾದ ಮಲ್ಟಿಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಬಿದ್ದರೆ ಫೈಲುಗಳನ್ನೆಲ್ಲ ಪರಿಶೀಲಿಸಿ ಏಳುವಷ್ಟರಲ್ಲಿ ಗಂಟೆ ಕಳೆಯುತ್ತಿತ್ತು. ಈ ಹೋಲಿಕೆಯ ಮುಜುಗರವೂ ಸೇರಿಯೇ ಮಲ್ಟಿಕ್ಸ್ ತಂಡ ತನ್ನ ಸ್ಟೋರೇಜ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಲು ಹೊರಟಿತು. ಇಂದು ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಸರ್ವರ್ ಕೋಣೆಗಳಲ್ಲಿ ರಾತ್ರಿ ಪಾಳಿ ಮಾಡುವವರ ಕಸುಬಿನ ಬೇರು ಅಲ್ಲಿದೆ.

ಆಗ ಒಂದು ಕಂಪ್ಯೂಟರ್ ಎಂದರೆ ಒಂದು ಕೋಣೆ, ಅದರ ಮುಂದೆ ಕಾಯುವ ಹತ್ತಾರು ಜನ. ಯಂತ್ರದ ಸಮಯವನ್ನು ಹಲವರಿಗೆ ಹಂಚುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ಫರ್ನಾಂಡೊ ಕಾರ್ಬಟೊ ತಂಡ 1961ರಲ್ಲಿ ಎಂಐಟಿಯಲ್ಲಿ ನಡೆಸಿ ತೋರಿಸಿತು. 1964ರಲ್ಲಿ ನಾರ್ಮನ್ ರಾಸ್ಮುಸೆನ್ ನೇತೃತ್ವದಲ್ಲಿ ಶುರುವಾದ ಐಬಿಎಂನ ಕೇಂಬ್ರಿಡ್ಜ್ ವಿಜ್ಞಾನ ಕೇಂದ್ರ ಬೇರೆ ದಾರಿ ಹಿಡಿಯಿತು. ಅಲ್ಲಿನ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೊಮೊ ಸಮಯ ಹಂಚುವುದಕ್ಕಷ್ಟೇ ನಿಲ್ಲಲಿಲ್ಲ. ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಕಂಪ್ಯೂಟರ್ ತನ್ನದೇ ಎನಿಸುವಂತೆ ಮಾಡಿದರು. 1967ರ ಜನವರಿಯಲ್ಲಿ ಬಳಕೆಗೆ ಬಂದ ಅವರ ಸಿಪಿ-40, ಒಂದೇ ಯಂತ್ರದ ಮೇಲೆ 14 ವರ್ಚುವಲ್ ಯಂತ್ರಗಳನ್ನು ನಡೆಸಬಲ್ಲದಾಗಿತ್ತು. ಅದರ ಮುಂದಿನ ರೂಪ ಸಿಪಿ-67. ಆಮೇಲೆ 1972ರ ಆಗಸ್ಟ್‌ನಲ್ಲಿ ವಿಎಂ/370 ಬಂತು.

ಆ ಪೀಳಿಗೆಯ ಗ್ರಾಹಕರಿಗೆ ಒಂದು ಭಾಗ್ಯವಿತ್ತು. ಸೋರ್ಸ್ ಕೋಡ್ ಅವರ ಕೈಯಲ್ಲೇ ಇರುತ್ತಿತ್ತು. ದೋಷ ಕಂಡರೆ ಓದುತ್ತಿದ್ದರು, ತಿದ್ದುತ್ತಿದ್ದರು, ತಿದ್ದಿದ್ದನ್ನು ಷೇರ್ ಎಂಬ ಬಳಕೆದಾರರ ಸಂಘಟನೆಯ ಸಭೆಗಳಲ್ಲಿ ಹಂಚಿಕೊಳ್ಳುತ್ತಿದ್ದರು. ಈ ಭಾಗ್ಯ ಸಣ್ಣದಲ್ಲ: ವರ್ಚುವಲ್ ಯಂತ್ರ ಕೆಳಗಿನ ನಿಜವಾದ ಯಂತ್ರವನ್ನು ಮರೆಮಾಡುತ್ತದೆ. ಬಳಸುವವನಿಗೆ ಅದು ಅನುಕೂಲ. ನೋಡಿಕೊಳ್ಳುವವನು ಮಾತ್ರ ಅದು ಮರೆಮಾಡಿದ ಪ್ರತಿಯೊಂದನ್ನೂ ಬಲ್ಲವನಾಗಿರಬೇಕು. ಆ ದಿನಗಳಲ್ಲಿ ಬಲ್ಲವರಾಗುವ ದಾರಿ ತೆರೆದಿತ್ತು.

1980–90ರ ದಶಕಗಳಲ್ಲಿ ಅಗ್ಗದ ಪಿಸಿ ಸರ್ವರ್‌ಗಳು ಬಂದು ಈ ವಿದ್ಯೆ ಮೂಲೆ ಸೇರಿತು. ಮೇಲ್‌ಗೆ ಒಂದು ಡಬ್ಬ, ಲೆಕ್ಕಪತ್ರಕ್ಕೆ ಒಂದು ಡಬ್ಬ, ಪ್ರಿಂಟಿಂಗ್‌ಗೆ ಇನ್ನೊಂದು. ಹೆಚ್ಚಿನವು ದಿನದ ಬಹುಪಾಲು ಕೆಲಸವಿಲ್ಲದೆ ಕರೆಂಟು ತಿನ್ನುತ್ತಿದ್ದವು. ಅವುಗಳನ್ನು ಒಂದೇ ಯಂತ್ರದೊಳಗೆ ಸೇರಿಸಲು ಅಡ್ಡಿಯಾಗಿದ್ದುದು ಅವುಗಳೊಳಗಿನ ಎಕ್ಸ್86 ಚಿಪ್. ಒಂದು ಪ್ರೊಸೆಸರ್ ಸರಳವಾಗಿ ವರ್ಚುವಲೈಸ್ ಆಗಬೇಕಾದರೆ ಹೇಗಿರಬೇಕು ಎಂಬ ಷರತ್ತನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲೇ ಬರೆದಿದ್ದರು: ಯಂತ್ರದ ಸ್ಥಿತಿಯನ್ನು ಮುಟ್ಟುವ ಆದೇಶಗಳನ್ನು ಸಾಮಾನ್ಯ ಪ್ರೋಗ್ರಾಂ ನಡೆಸಲು ಹೋದರೆ ಪ್ರೊಸೆಸರ್ ತಡೆದು, ವರ್ಚುವಲ್ ಯಂತ್ರಗಳನ್ನು ನಡೆಸುವ ಮೇಲ್ವಿಚಾರಕ ತಂತ್ರಾಂಶಕ್ಕೆ ಸುದ್ದಿ ಮುಟ್ಟಿಸಬೇಕು. ಪಿಸಿ ಸರ್ವರ್‌ಗಳ ಕಾಲದ ಇಂಟೆಲ್ ಚಿಪ್‌ನಲ್ಲಿ ಇಂಥ 17 ಆದೇಶಗಳು ಸುದ್ದಿ ಮುಟ್ಟಿಸುತ್ತಿರಲಿಲ್ಲ. ಕೆಲವಂತೂ ಹೇಳಿದ ಕೆಲಸವನ್ನೇ ಮಾಡದೆ, ದೂರನ್ನೂ ಕೊಡದೆ ಮುಂದೆ ಸಾಗುತ್ತಿದ್ದವು.

ಸ್ಟ್ಯಾನ್‌ಫರ್ಡ್‌ನಲ್ಲಿ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ವಿದ್ಯಾರ್ಥಿಗಳಾದ ಎಡುವಾರ್ಡ್ ಬುನ್ಯೋ, ಸ್ಕಾಟ್ ಡಿವೈನ್ 1997ರಲ್ಲಿ ಡಿಸ್ಕೊ ಎಂಬ ಸಂಶೋಧನೆಯ ಮೂಲಕ ಹಳೆಯ ಐಬಿಎಂ ವಿಚಾರಕ್ಕೆ ಮರುಜೀವ ಕೊಟ್ಟರು. ಮರುವರ್ಷ ಡಯೇನ್ ಗ್ರೀನ್, ಎಲೆನ್ ವಾಂಗ್ ಜೊತೆಗೂಡಿ ವಿಎಂವೇರ್ ಕಟ್ಟಿದರು. ಮಾತು ಕೇಳದ ಆ ಆದೇಶಗಳನ್ನು ಪ್ರೋಗ್ರಾಂ ಓಡುತ್ತಿರುವಾಗಲೇ ಹುಡುಕಿ, ಬೇರೆ ಆದೇಶಗಳಾಗಿ ಬದಲಿಸಿದ್ದು ಅವರ ಜಾಣ್ಮೆ. 2001ರಲ್ಲಿ ಕಂಪನಿಗಳಿಗೆಂದೇ ಅವರ ಇಎಸ್‌ಎಕ್ಸ್ ಸರ್ವರ್ ತಂತ್ರಾಂಶ ಬಂತು. ಇಂಟೆಲ್ ಮತ್ತು ಎಎಂಡಿ ತಮ್ಮ ಚಿಪ್‌ಗಳಲ್ಲೇ ವರ್ಚುವಲೈಸ್ ಮಾಡುವ ಸೌಲಭ್ಯ ಕೊಟ್ಟದ್ದು 2005–06ರಲ್ಲಿ. ಲಿನಕ್ಸ್ ಕರ್ನೆಲ್‌ನೊಳಗೆ ಇಂಥದ್ದೇ ಕೆಲಸದ ಕೆವಿಎಂ ಸೇರಿದ್ದು 2007ರಲ್ಲಿ.

ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕ ವರ್ಷ 2003. ಆ ವರ್ಷ ಬಂದ ವಿಎಂವೇರ್‌ನ ವಿಮೋಷನ್ ಸೌಲಭ್ಯ ಓಡುತ್ತಿರುವ ವರ್ಚುವಲ್ ಯಂತ್ರವನ್ನು ನಿಲ್ಲಿಸದೆಯೇ ಒಂದು ಹೋಸ್ಟ್‌ನಿಂದ, ಎಂದರೆ ಅದನ್ನು ಹೊತ್ತ ನಿಜವಾದ ಸರ್ವರ್‌ನಿಂದ, ಇನ್ನೊಂದಕ್ಕೆ ಸಾಗಿಸಿತು. ಹಾರ್ಡ್‌ವೇರ್ ಕೆಟ್ಟರೆ ನಡುರಾತ್ರಿಯವರೆಗೆ ಕಾಯಬೇಕಿಲ್ಲ. ಮಟಮಟ ಮಧ್ಯಾಹ್ನವೇ ಹೋಸ್ಟ್ ಖಾಲಿ ಮಾಡಿ ಬಿಡಿಭಾಗ ಬದಲಿಸಬಹುದು. ಆದರೆ ಅದಕ್ಕೆ ಎರಡೂ ಹೋಸ್ಟ್‌ಗಳಿಗೆ ಕಾಣುವ ಒಂದೇ ಸ್ಟೋರೇಜ್ ಬೇಕಿತ್ತು. ಹೀಗೆ ಡಿಸ್ಕ್‌ಗಳು ಸರ್ವರ್‌ಗಳ ಹೊಟ್ಟೆಯಿಂದ ಹೊರಬಂದು ದೊಡ್ಡ ಕಪಾಟುಗಳನ್ನು ಸೇರಿದವು, ತೊಂದರೆಗಳೂ ಅವುಗಳ ಬೆನ್ನು ಹತ್ತಿ ಹೋದವು.

ವಠಾರದಲ್ಲಿ ಮನೆಗಳು ಹತ್ತಿದ್ದರೂ ಬಾವಿ ಒಂದೇ. ಒಬ್ಬರು ಪಂಪು ಹಚ್ಚಿ ತೋಟಕ್ಕೆ ನೀರು ಬಿಟ್ಟರೆ ಉಳಿದವರ ಕೊಡ ತುಂಬುವುದು ತಡ. ಬ್ಯಾಕಪ್ ಶುರುವಾದ ಹೊತ್ತಿಗೆ ಬೇರೆಲ್ಲೋ ಇರುವ ಸಂಬಳದ ಸಾಫ್ಟ್‌ವೇರ್ ತೆವಳುವುದು ಹೀಗೆಯೇ. ಆ ಸಾಫ್ಟ್‌ವೇರ್ ಇರುವ ಯಂತ್ರದೊಳಗೆ ಹೊಕ್ಕು ನೋಡಿದರೆ ಏನೂ ತಪ್ಪಿಲ್ಲ. ಹೋಸ್ಟ್‌ನ ಮಟ್ಟಕ್ಕೆ ಇಳಿದು ಇಎಸ್‌ಎಕ್ಸ್‌ಟಾಪ್ ಎಂಬ ಸಲಕರಣೆಯಲ್ಲಿ ನೋಡಬೇಕು. ಡಿಸ್ಕ್‌ನಿಂದ ಉತ್ತರ ಬರಲು ತಗಲುವ ಸಮಯವನ್ನು ಅದು ಎರಡು ಭಾಗ ಮಾಡಿ ತೋರಿಸುತ್ತದೆ. ಸ್ಟೋರೇಜ್ ಕಪಾಟಿನ ಪಾಲು 20–25 ಮಿಲಿಸೆಕೆಂಡ್ ದಾಟುತ್ತಲೇ ಇದ್ದರೆ ದೋಷ ಕಪಾಟಿನಲ್ಲೋ ದಾರಿಯಲ್ಲೋ ಇದೆ. ಹೋಸ್ಟ್‌ನ ಸ್ವಂತ ಪಾಲು 2 ಮಿಲಿಸೆಕೆಂಡ್ ಮೀರಿದರೆ ಅಲ್ಲೇ ಸರದಿ ಸಾಲು ಬೆಳೆದಿದೆ. ಕೆಲವೊಮ್ಮೆ ಕಾರಣ ತೀರ ಸಣ್ಣದು: ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ಕಂಟ್ರೋಲರ್‌ನ ಬ್ಯಾಟರಿ ಸತ್ತಿರುತ್ತದೆ. ಕರೆಂಟು ಹೋದರೆ ಕ್ಯಾಶ್‌ನಲ್ಲಿರುವ ಡೇಟಾ ಕಾಯುವವರಿಲ್ಲ ಎಂದು ಕಂಟ್ರೋಲರ್ ಪ್ರತಿಯೊಂದನ್ನೂ ನೇರ ಡಿಸ್ಕ್‌ಗೇ ಬರೆಯತೊಡಗುತ್ತದೆ. ಆಗ ಎಲ್ಲವೂ ನಿಧಾನ.

ಪ್ರೊಸೆಸರ್, ಮೆಮೊರಿಗಳ ಕಥೆಯೂ ಇಂಥದ್ದೇ. ಸರ್ವರ್ ಸ್ಲೋ ಎಂದರೆ ಇನ್ನಷ್ಟು ಸಿಪಿಯು ಕೊಡಿ ಎಂಬ ಒತ್ತಾಯ ಬರುತ್ತದೆ. ಕಿಕ್ಕಿರಿದ ಹೋಸ್ಟ್‌ನಲ್ಲಿ ಸಿಪಿಯು ಹೆಚ್ಚಿಸಿದಷ್ಟೂ, ಅಷ್ಟು ಕೋರ್‌ಗಳು ಬಿಡುವಾಗಲು ಆ ಯಂತ್ರ ಹೆಚ್ಚು ಕಾಯಬೇಕಾಗುತ್ತದೆ. ಎಷ್ಟೋ ಸಲ ಕಡಿಮೆ ಮಾಡುವುದೇ ಪರಿಹಾರ. ಮೆಮೊರಿಗೆ ಬಲೂನ್ ಎಂಬ ತಂತ್ರವಿದೆ; ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಜರ್ 2002ರಲ್ಲಿ ವಿವರಿಸಿದ್ದು. ಹೋಸ್ಟ್‌ಗೆ ಮೆಮೊರಿ ಸಾಲದಾದಾಗ ವರ್ಚುವಲ್ ಯಂತ್ರದೊಳಗಿನ ಒಂದು ಡ್ರೈವರ್ ಉಬ್ಬಿ ಜಾಗ ಬೇಡುತ್ತದೆ, ಯಂತ್ರ ತನಗೆ ಅಷ್ಟಾಗಿ ಬೇಡದ್ದನ್ನು ಬಿಟ್ಟುಕೊಡುತ್ತದೆ. ಒಳಗಿನಿಂದ ನೋಡುವವನಿಗೆ ಮೆಮೊರಿ ತುಂಬಿದಂತೆ ಕಾಣುತ್ತದೆ, ಯಾವ ಪ್ರೋಗ್ರಾಂ ತಿಂದಿತೆಂದು ತಿಳಿಯುವುದಿಲ್ಲ.

ಅತಿ ಹೆಚ್ಚು ಕಣ್ಣೀರು ತರಿಸುವುದು, ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್. ಅಪ್‌ಡೇಟ್‌ಗೆ ಮುಂಚೆ ಒಂದು ತೆಗೆದಿಟ್ಟು, ಕೆಟ್ಟರೆ ಹಿಂದಕ್ಕೆ ಹೋಗೋಣ ಎನ್ನುವುದು ಸರಿಯಾದ ಬಳಕೆ. ಅಲ್ಲಿಂದಾಚೆಗಿನ ಬದಲಾವಣೆಗಳೆಲ್ಲ ಪ್ರತ್ಯೇಕ ಫೈಲಿಗೆ ಹೋಗುತ್ತವೆ, ಆ ಫೈಲು ಬೆಳೆಯುತ್ತಲೇ ಇರುತ್ತದೆ. ಅದಕ್ಕೇ 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂಬುದು ವಿಎಂವೇರ್‌ನ ಸಲಹೆ. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಒಂದು ದಿನ ವರ್ಚುವಲ್ ಡಿಸ್ಕ್‌ಗಳಿರುವ ಡೇಟಾಸ್ಟೋರ್ ಭರ್ತಿಯಾಗಿ, ಬರೆಯಲು ಜಾಗವಿಲ್ಲದೆ ಅದರ ಮೇಲಿನ ಇತರ ಯಂತ್ರಗಳೂ ನಿಲ್ಲುತ್ತವೆ. ಸ್ನ್ಯಾಪ್‌ಶಾಟ್ ಬ್ಯಾಕಪ್‌ನ ಕೆಲಸ ಮಾಡಲಾರದು. ಮೂಲ ಡಿಸ್ಕ್ ಹಾಳಾದರೆ ಅದೂ ನಿಷ್ಪ್ರಯೋಜಕ.

ಎಲ್ಲವನ್ನೂ ಸರಿಯಾಗಿ ನೋಡಿಕೊಂಡವರಿಗೂ 2008ರ ಆಗಸ್ಟ್ 12ರಂದು ಆಘಾತ ಕಾದಿತ್ತು. ಇಎಸ್‌ಎಕ್ಸ್ 3.5ರ ಎರಡನೆಯ ಅಪ್‌ಡೇಟ್ ಹಾಕಿದ್ದ ಕಡೆಗಳಲ್ಲೆಲ್ಲ ಆಫ್ ಮಾಡಿದ್ದ ವರ್ಚುವಲ್ ಯಂತ್ರಗಳು ಮತ್ತೆ ಹತ್ತಿಕೊಳ್ಳಲಿಲ್ಲ, ವಿಮೋಷನ್ ಕೂಡ ನಡೆಯಲಿಲ್ಲ. ಪರೀಕ್ಷಾರ್ಥ ಆವೃತ್ತಿಗೆಂದು ಹಾಕಿದ್ದ ಅವಧಿ ಮುಗಿಯುವ ಕೋಡ್ ಅಂತಿಮ ಆವೃತ್ತಿಯಲ್ಲೂ ಉಳಿದುಹೋಗಿತ್ತು. ಮುಖ್ಯಸ್ಥರಾಗಿ ಆಗಷ್ಟೇ ಬಂದಿದ್ದ ಪಾಲ್ ಮಾರಿಟ್ಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಪ್ಯಾಚ್ ಬರುವವರೆಗೆ ನಿರ್ವಾಹಕರು ಹೋಸ್ಟ್‌ನ ಗಡಿಯಾರವನ್ನು ಎರಡು ದಿನ ಹಿಂದಕ್ಕೆ ತಿರುಗಿಸಿ ಕೆಲಸ ಸಾಗಿಸಿದರು.

2023ರ ಫೆಬ್ರುವರಿಯದು ಬೇರೆ ಬಗೆಯ ಪೆಟ್ಟು. ಇಎಸ್‌ಎಕ್ಸ್ಐಆರ್ಗ್ಸ್ ಎಂಬ ಸುಲಿಗೆ ದಾಳಿ ಸಾವಿರಾರು ಸರ್ವರ್‌ಗಳನ್ನು ಹಿಡಿಯಿತು. ದಾಳಿಗೆ ದಾರಿಯೆಂದು ಗುರುತಿಸಲಾದ ದೋಷಕ್ಕೆ ಎರಡು ವರ್ಷ ಮುಂಚೆಯೇ, 2021ರ ಫೆಬ್ರುವರಿಯಲ್ಲಿ, ಪ್ಯಾಚ್ ಬಂದಿತ್ತು, ಹಾಕಿರಲಿಲ್ಲ ಅಷ್ಟೆ. ಆದರೂ ಹಲವರು ಹಣ ಕೊಡದೆ ಪಾರಾದರು. ವರ್ಚುವಲ್ ಡಿಸ್ಕ್ ಎಂಬುದು ಎರಡು ಫೈಲು: ವಿವರ ಬರೆದ ಕೆಲವೇ ಸಾಲುಗಳ ಪಠ್ಯ ಒಂದು, ನಿಜವಾದ ಡೇಟಾ ಇರುವ ದೊಡ್ಡ ಫೈಲು ಇನ್ನೊಂದು. ಮೊದಲ ಅಲೆಯ ದಾಳಿಕೋರರು ಸಣ್ಣ ಫೈಲುಗಳನ್ನು ಹಾಳು ಮಾಡಿ, ದೊಡ್ಡದನ್ನು ಎಷ್ಟೋ ಕಡೆ ಮುಟ್ಟಿರಲಿಲ್ಲ. ಬಲ್ಲವರು ಆ ಕೆಲವು ಸಾಲುಗಳನ್ನು ಹೊಸದಾಗಿ ಬರೆದು ಯಂತ್ರಗಳನ್ನು ಎಬ್ಬಿಸಿದರು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಅದನ್ನೇ ಸ್ಕ್ರಿಪ್ಟ್ ಮಾಡಿ ಎಲ್ಲರಿಗೂ ಕೊಟ್ಟಿತು. ದಾಳಿಕೋರರು ಕೆಲವೇ ದಿನಗಳಲ್ಲಿ ವಿಧಾನ ಬದಲಿಸಿದರು ಎಂಬುದೂ ನಿಜ.

ಅದೇ ವರ್ಷ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಂಡು, ಒಮ್ಮೆ ಹಣ ಕೊಟ್ಟು ಸದಾ ಬಳಸುವ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಕೆವಿಎಂ ಆಧಾರಿತ ಪ್ರಾಕ್ಸ್‌ಮಾಕ್ಸ್‌ನಂಥ ವ್ಯವಸ್ಥೆಗಳತ್ತ ವಲಸೆಯ ಮಾತು ಜೋರಾಯಿತು. ವಿಎಂವೇರ್‌ನ ದೊಡ್ಡ ಅಭಿವೃದ್ಧಿ ಕೇಂದ್ರ ಬೆಳೆದ ನಗರ ಬೆಂಗಳೂರು. ಪ್ರಪಂಚದ ಎಷ್ಟೋ ಕಂಪನಿಗಳ ಸರ್ವರ್‌ಗಳ ಮೇಲೆ ಕಣ್ಣಿಟ್ಟಿರುವ ರಾತ್ರಿ ಪಾಳಿಗಳೂ ಇಲ್ಲಿವೆ. ಈ ವಲಸೆಯ ಭಾರದಲ್ಲಿ ಒಂದು ಪಾಲು ನಮ್ಮ ಹುಡುಗ ಹುಡುಗಿಯರ ಹೆಗಲಿಗೇ ಬೀಳುತ್ತದೆ. ಒಂದೊಂದು ಪದರದ ಕೆಳಗೂ ಏನಿದೆ ಎಂದು ಕಲಿಯಲು ಅವರಿಗೆ ಸಮಯ ಸಿಗಬೇಕು. ದೂರಿನ ಟಿಕೆಟ್ ಮುಚ್ಚಿದ ಲೆಕ್ಕದಲ್ಲೇ ಅವರನ್ನು ಅಳೆದರೆ ಅದು ಸಿಗುವುದಿಲ್ಲ.

ನೀವು ಕಂಪನಿ ನಡೆಸುವವರಾದರೆ ಒಂದು ಕೋರಿಕೆ. ಬ್ಯಾಕಪ್ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಈ ತಿಂಗಳೊಳಗೆ ಒಂದು ಮುಖ್ಯ ಸರ್ವರ್ ಅನ್ನು ಬ್ಯಾಕಪ್‌ನಿಂದ ಬೇರೆ ಹೋಸ್ಟ್‌ನಲ್ಲಿ ಎಬ್ಬಿಸಿ ತೋರಿಸಲು ಹೇಳಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಅದಕ್ಕೂ ಪ್ಯಾಚ್ ಹಾಕುವುದಕ್ಕೂ ಬೇಕಾದ ಡೌನ್‌ಟೈಮ್ ಅನ್ನು ನೀವೇ ಮುಂದಾಗಿ ಮಂಜೂರು ಮಾಡಿ.