ನಿಮಗಿದು ಗೊತ್ತೇ? ಗೋವಿನಜೋಳ ಎಲ್ಲೆಲ್ಲಿ ಅಡಗಿದೆ!

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದಕೂಡಲೇ ನೆನಪಾಗುವುದು ಕಬ್ಬು ಮತ್ತು ತಂಬಾಕು. ಇಲ್ಲಿ ಗೋವಿನಜೋಳವೂ ಬೆಳೆಯುತ್ತದೆ, ಆದರೆ ತಾಟಿಗೆ ಬರುವುದು ಬಿಳಿಜೋಳದ ರೊಟ್ಟಿಯೇ. ಹಾಗಿದ್ದರೂ ಗೋವಿನಜೋಳ ಹೊಟ್ಟೆಗೆ ಹೋಗದ ದಿನ ಅಪರೂಪ.

ಮೊಟ್ಟೆಯನ್ನೇ ನೋಡಿ. ದೇಶದ ಗೋವಿನಜೋಳದಲ್ಲಿ ದೊಡ್ಡ ಪಾಲು ಕೋಳಿ ಮತ್ತು ದನಗಳ ಆಹಾರಕ್ಕೆ ಹೋಗುತ್ತದೆ. ಮೊಟ್ಟೆಯೊಳಗಿನ ಹಳದಿಗೆ ಬಣ್ಣ ಬರುವುದೂ ಬಹುಮಟ್ಟಿಗೆ ಈ ಕಾಳಿನಿಂದಲೇ.

 

ರಾಯಬಾಗದ ನೆರೆಯ ಗೋಕಾಕದಲ್ಲಿ ಗೋವಿನಜೋಳದಿಂದ ಪಿಷ್ಟ ತೆಗೆಯುವ ದೊಡ್ಡ ಕಾರ್ಖಾನೆಯಿದೆ. ಮೊದಲು ರಿದ್ಧಿ ಸಿದ್ಧಿ ಕಂಪನಿಯದಾಗಿದ್ದ ಅದು ಆಮೇಲೆ ಫ್ರಾನ್ಸಿನ ರೋಕೆಟ್ ಪಾಲಾಯಿತು. ಇಂಥ ಕಾರ್ಖಾನೆಗಳಲ್ಲಿ ಕಾಳನ್ನು ನೇರವಾಗಿ ಬೀಸುವುದಿಲ್ಲ. ಸಲ್ಫರ್ ಡೈಆಕ್ಸೈಡ್ ಬೆರೆಸಿದ ಸುಮಾರು 50 ಡಿಗ್ರಿ ಬಿಸಿನೀರಿನಲ್ಲಿ ಒಂದೂವರೆ-ಎರಡು ದಿನ ನೆನೆಹಾಕುತ್ತಾರೆ. ಮೆತ್ತಗಾದ ಕಾಳನ್ನು ಒಡೆದಾಗ ಎಣ್ಣೆಯಂಶದ ಮೊಳಕೆಭಾಗ ಹಗುರವಾದ್ದರಿಂದ ಬೇರೆಯಾಗುತ್ತದೆ. ಅದು ಗಾಣಕ್ಕೆ, ಸಿಪ್ಪೆ ಪಶು ಆಹಾರಕ್ಕೆ. ಉಳಿದ ಹಾಲಿನಂಥ ನೀರನ್ನು ಯಂತ್ರ ಗರಗರ ತಿರುಗಿಸಿ ಹಳದಿ ಪ್ರೋಟೀನನ್ನೂ ಬಿಳಿ ಪಿಷ್ಟವನ್ನೂ ಬೇರ್ಪಡಿಸುತ್ತದೆ. ನೆನೆಹಾಕಿದ ನೀರನ್ನೂ ಚೆಲ್ಲುವುದಿಲ್ಲ! 1941ರಲ್ಲಿ ಅಮೆರಿಕದ ಪಿಯೋರಿಯಾ ಪ್ರಯೋಗಾಲಯದಲ್ಲಿ ಪೆನಿಸಿಲಿನ್ ಬೂಷ್ಟನ್ನು ಇಂಥದೇ ನೀರಿನಲ್ಲಿ ಬೆಳೆಸಿದಾಗ ಔಷಧಿಯ ಇಳುವರಿ ಹಲವು ಪಟ್ಟು ಏರಿತು. ಎರಡನೇ ಮಹಾಯುದ್ಧದ ಗಾಯಾಳುಗಳಿಗೆ ಪೆನಿಸಿಲಿನ್ ಸಿಗುವುದಕ್ಕೆ ಇದೂ ಒಂದು ಕಾರಣ.

ಆ ಬಿಳಿ ಪಿಷ್ಟದ ಪ್ರಯಾಣವೂ ದೊಡ್ಡದು. ಕಸ್ಟರ್ಡ್ ಪುಡಿ, ಗೋಬಿ ಮಂಚೂರಿಯ ಗರಿಗರಿ ಹೊದಿಕೆ, ಜ್ವರದ ಗುಳಿಗೆಯನ್ನು ಹಿಡಿದಿಡುವ ಅಂಟು, ಮಗ್ಗಕ್ಕೇರುವ ಹಾಸು ನೂಲಿನ ಗಂಜಿ, ರಟ್ಟಿನ ಡಬ್ಬಿಯ ಗೋಂದು ಎಲ್ಲದರಲ್ಲೂ ಅದಿದೆ. ಪಿಷ್ಟವನ್ನು ಇನ್ನಷ್ಟು ಒಡೆದರೆ ಗ್ಲೂಕೋಸ್. ವಾಂತಿಭೇದಿಯಾದಾಗ ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್ ಇರುತ್ತದೆ.

1984ರಲ್ಲಿ ಅಮೆರಿಕದ ಕೋಲಾ ಕಂಪನಿಗಳು ಸಕ್ಕರೆ ಬಿಟ್ಟು ಗೋವಿನಜೋಳದ ಸಿಹಿಪಾಕಕ್ಕೆ ಬದಲಾದವು. ನಮ್ಮ ದೇಶದ ತಂಪುಪಾನೀಯಗಳಲ್ಲಿ ಇಂದಿಗೂ ಕಬ್ಬಿನ ಸಕ್ಕರೆಯೇ.

ಕಬ್ಬಿಗೂ ಗೋವಿನಜೋಳಕ್ಕೂ ನಮ್ಮಲ್ಲಿ ಪೈಪೋಟಿ ಇರುವುದು ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನಲ್ಲಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರವು ಕಬ್ಬಿನ ರಸದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಗೋವಿನಜೋಳಕ್ಕೆ ಬೇಡಿಕೆ ಜಿಗಿಯಿತು. ಒಂದು ಟನ್ ಕಾಳಿನಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ.

ಇಷ್ಟೆಲ್ಲ ಉದ್ಯಮಕ್ಕೆ ಆಧಾರವಾದ ಕಾಳಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆದರೆ ಅದೇ ಹಂಗಾಮಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿಯಬೇಕಾಯಿತು. ಇದು ಅನ್ಯಾಯ. ಮಾಲು ರೈತನ ಕಣದಲ್ಲಿರುವಾಗಲೇ ಖರೀದಿ ಕೇಂದ್ರ ತೆರೆಯದಿದ್ದರೆ ಘೋಷಿಸಿದ ಬೆಲೆ ಕಾಗದದಲ್ಲೇ ಉಳಿಯುತ್ತದೆ.

ಕೊನೆಗೆ, ಹೈನು ಇಟ್ಟವರಿಗೊಂದು ಮಾತು. ತೇವಾಂಶ ಶೇ 14ಕ್ಕಿಂತ ಕೆಳಗಿಳಿಯುವಂತೆ ಒಣಗಿಸದೆ ಚೀಲಕ್ಕೆ ತುಂಬಿದರೆ ಕಾಳಿಗೆ ಬೂಷ್ಟು ಹಿಡಿಯಬಹುದು. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಎಮ್ಮೆಯ ಹೊಟ್ಟೆ ಸೇರಿದರೆ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಮಾರಲಾಗದ ಕಾಳು ದನಕ್ಕಾದರೂ ಆಗಲಿ ಎಂದು ದಯವಿಟ್ಟು ಹಾಕಬೇಡಿ.