ವೇಗದ ರೂಪ

ವೇಗಕ್ಕೆ ರೂಪವುಂಟೆ? ಗಂಟೆಗೆ 180 ಕಿಲೋಮೀಟರ್ ಧಾವಿಸುವ ಪಂದ್ಯದ ಕಾರು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಸರಿಯುವುದು 5 ಸೆಂಟಿಮೀಟರ್ ಮಾತ್ರ. ಕ್ಯಾಮರಾದ ಕಣ್ಣು ಅಷ್ಟೇ ಹೊತ್ತು ತೆರೆದರೆ ಚಿತ್ರವೇನೋ ಸ್ಫುಟವಾಗುತ್ತದೆ. ಕಾರು ಮಾತ್ರ ರಸ್ತೆಯಲ್ಲಿ ನಿಂತಂತೆ ತೋರುತ್ತದೆ. ಓಟವೇ ಇಲ್ಲದ ಓಟದ ಚಿತ್ರ!

ಆದುದರಿಂದ ಬಲ್ಲ ಛಾಯಾಗ್ರಾಹಕನು ಆ ಕಣ್ಣನ್ನು ಸೆಕೆಂಡಿನ ಐವತ್ತರಲ್ಲೊಂದು ಭಾಗದಷ್ಟು ಕಾಲ ತೆರೆದಿಡುತ್ತಾನೆ. ಅಷ್ಟರಲ್ಲಿ ಕಾರು 1 ಮೀಟರ್ ಮುಂದೋಡಿರುತ್ತದೆ. ಪಾದಗಳನ್ನು ಊರಿ, ಸೊಂಟವನ್ನು ತಿರುಗಿಸುತ್ತ, ಅವನು ಕಾರಿನೊಡನೆಯೇ ಕ್ಯಾಮರಾವನ್ನೂ ಹೊರಳಿಸುತ್ತಾನೆ. ಗುಂಡಿ ಒತ್ತಿದ ಮೇಲೂ ನಿಲ್ಲಿಸುವುದಿಲ್ಲ. ಆಗ ಕಾರು ಸ್ಫುಟವಾಗಿ ಉಳಿಯುತ್ತದೆ. ಹಿನ್ನೆಲೆಯ ಮರಗಿಡಗಳು ಗೆರೆಗಳಾಗಿ ಹರಿಯುತ್ತವೆ.

ಫ್ರಾನ್ಸಿನ ಜಾಕ್ ಆನ್ರಿ ಲಾರ್ತೀಗ್ ಹರೆಯದಲ್ಲಿ ಗ್ರಾಂ ಪ್ರೀ ಪಂದ್ಯವೊಂದರಲ್ಲಿ ಹೀಗೆ ಕ್ಯಾಮರಾ ಹೊರಳಿಸಿದನು. ಆದರೆ ಕಾರು ಅವನ ಕೈಯನ್ನು ಮೀರಿ ಓಡಿತು. ಅವನ ಕ್ಯಾಮರಾದಲ್ಲಿ ಬೆಳಕು ಒಮ್ಮೆಗೇ ಬೀಳದೆ, ಸರಿಯುವ ಸೀಳೊಂದರ ಮೂಲಕ ಭಾಗಭಾಗವಾಗಿ ಬೀಳುತ್ತಿತ್ತು. ಹಾಗಾಗಿ ಚಿತ್ರದಲ್ಲಿ ಚಕ್ರವು ಅಂಡಾಕಾರ ತಾಳಿ ಮುಂದಕ್ಕೆ ವಾಲಿತು. ಪ್ರೇಕ್ಷಕರು ಹಿಂದಕ್ಕೆ ವಾಲಿದರು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಲಾರ್ತೀಗನ ಚಿತ್ರಗಳನ್ನು ಪ್ರದರ್ಶಿಸಿ ಅವನನ್ನು ಜಗತ್ತಿಗೆ ಪರಿಚಯಿಸಿತು.

ಚಕ್ರ ದುಂಡಗಿರುವುದು ದಿಟ. ಆದರೆ ಓಡುವ ಕಾರನ್ನು ಕಂಡ ಕಣ್ಣಿಗೆ ಆ ವಾಲಿದ ಚಕ್ರವೇ ಹೆಚ್ಚು ದಿಟವೆನಿಸುತ್ತದೆ.