ಕಾಕಾನ ಕಾರಿನ ಏ.ಸಿ. ಯಾಕೆ ತಂಪಾಗಲಿಲ್ಲ?



ನಮ್ಮ ಕಾಕಾ ಬಾಡಿಗೆ ಕಾರು ಓಡಿಸುತ್ತಾರೆ. ಏಪ್ರಿಲ್ ತಿಂಗಳಲ್ಲಿ, ಮದುವೆ ಸೀಜನ್‌ದಾಗ, ಏ.ಸಿ. ಕೈಕೊಟ್ಟಿತು. ಒಬ್ಬ ಗಿರಾಕಿ ಉಣಕಲ್ ಹತ್ತಿರ ಇಳಿದು "ಇದು ಏ.ಸಿ. ಅಲ್ಲೋ ಮಾರಾಯ, ಒಲಿ" ಎಂದು ಬೈದು ಬೇರೆ ಗಾಡಿ ಹತ್ತಿದರು. ಕಾರಿನ ಕಂತು ಹೆಂಗ ಕಟ್ಟೋದು ಅಂತ ಕಾಕಾ ಆ ರಾತ್ರಿ ಒಂದೇ ರೊಟ್ಟಿ ತಿಂದು ಎದ್ದರು.

ಒಂದು ಗ್ಯಾರೇಜಿನವರು ಏನೂ ನೋಡದೆ "ಗ್ಯಾಸ್ ಕಡಿಮಿ ಆಗೇತಿ" ಎಂದು ತುಂಬಿ ಎರಡು ಸಾವಿರ ರೂಪಾಯಿ ತಗೊಂಡರು. ತಂಪು ಮಾತ್ರ ಬರಲಿಲ್ಲ.

ಆಮೇಲೆ ಧಾರವಾಡದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ನಾನೂ ಹೋಗಿದ್ದೆ. ಅವರು ಬಾನೆಟ್ ಎತ್ತುವ ಮೊದಲೇ, "ಗಾಡಿ ಓಡುವಾಗ ತಂಪು ಬರತೈತೇನು? ನಿಂತಾಗ?" ಎಂದು ಕೇಳಿದರು. ಕಾಕಾ ವಿಚಾರ ಮಾಡಿ, "ನವಲೂರ ಕಡೆ ಜೋರು ಹೊಂಟಾಗ ತಂಪು ಇರತೈತ್ರಿ, ಸಿಗ್ನಲ್‌ದಾಗ ನಿಂತರ ಬಿಸಿ" ಅಂದರು. "ಹಂಗಾದ್ರ ಮೊದಲ ಮುಂದಿನ ಫ್ಯಾನ್ ನೋಡೂಣು" ಅಂದರು ಅವರು.

ಯಾಕೆ ಗೊತ್ತೇ? ಇಂಜೆಕ್ಷನ್ ಕೊಡುವ ಮೊದಲು ನರ್ಸಬಾಯಿ ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುತ್ತದಲ್ಲ, ಏ.ಸಿ.ಯೂ ಹಾಗೆಯೇ. ದ್ರವ ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ. ಬಹಳ ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸ್ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ! ಅದು ಡ್ಯಾಶ್‌ಬೋರ್ಡ್ ಹಿಂದಿನ ಕಾಯಿಲ್‌ನಲ್ಲಿ ಆವಿಯಾಗಿ ಒಳಗಿನ ಬಿಸಿ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ರೇಡಿಯೇಟರ್ ಮುಂದಿನ ಜಾಲರಿಗೆ, ಅಂದರೆ ಕಂಡೆನ್ಸರ್‌ಗೆ ಕಳಿಸುತ್ತದೆ. ಅಲ್ಲಿ ಬಿಸಿ ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಗಾಡಿ ಓಡುವಾಗ ಗಾಳಿ ತಾನೇ ಜಾಲರಿಗೆ ಬಡಿಯುತ್ತದೆ. ನಿಂತಾಗ ಫ್ಯಾನೇ ಗಾಳಿ ಎಳೆಯಬೇಕು.

ಏ.ಸಿ. ಹಾಕಿ ನೋಡಿದರೆ ಫ್ಯಾನ್ ತಿರುಗುತ್ತಲೇ ಇಲ್ಲ! ಅದರ ವಾಯರ್ ಇಲಿ ಕಡಿದಿತ್ತು. (ಕಾರು ನಿಲ್ಲಿಸುವ ಜಾಗದ ಪಕ್ಕ ಜೋಳದ ಚೀಲ ಇಟ್ಟವರು ನಾವೇ.) ವಾಯರ್ ಜೋಡಿಸಲು ನೂರೈವತ್ತು ರೂಪಾಯಿ ಆಯಿತು.

ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲವಂತೆ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ ಎಂದರ್ಥ. ಆ ಜಾಗ ಹುಡುಕದೆ ತುಂಬಿದರೆ ರೊಕ್ಕ ದಂಡ. ಒಳಗೆ ಗಾಳಿಯೇ ಕಡಿಮೆ ಬಂದರೆ ಫಿಲ್ಟರ್ ಧೂಳು ಹಿಡಿದಿರಬಹುದು; ಬಹಳ ಕಾರುಗಳಲ್ಲಿ ಅದು ಎಡಗಡೆ ಡಬ್ಬಿಯ ಹಿಂದೆ ಇರುತ್ತದೆ. ಫ್ಯಾನಿನ ಹತ್ತಿರ ಮಾತ್ರ ಕೈ ಹಾಕಬೇಡಿರಿ, ಅದು ಒಮ್ಮೆಲೇ ತಿರುಗಲು ಶುರು ಮಾಡುತ್ತದೆ.

ಮನೆಗೆ ಬಂದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. "ಮತ್ತೇನ ಕೆಟ್ಟಿತೋ!" ಎಂದು ಆಯಿ ಗಾಬರಿಯಾದಳು. ಗಾಳಿಯಲ್ಲಿನ ತೇವ ತಣ್ಣನೆ ಕಾಯಿಲ್ ಮೇಲೆ ನೀರಾಗಿ ಇಳಿಯುವುದು, ಏ.ಸಿ. ಕೆಲಸ ಮಾಡಾಕತ್ತೈತಿ ಅಂತ ನಾನು ಹೇಳಿದೆ. ಆಯಿ ಸುಮ್ಮನೆ ಒಳಗೆ ಹೋಗಿ ಒಂದು ಬೋಗುಣಿ ತಂದು ಕೆಳಗಿಟ್ಟಳು.